ಕಾಗದ ಮುಟ್ಟಿತೇ? – ಕಂಪ್ಯೂಟರುಗಳ ಪತ್ರ ವ್ಯವಹಾರ

ಪರ ಊರಿನ ನೆಂಟರಿಗೆ ಕಾಗದ ಬರೆದಿರಿ ಅಂತಿಟ್ಟುಕೊಳ್ಳಿ. ಎಷ್ಟು ದಿನವಾದರೂ ಉತ್ತರವಿಲ್ಲ. ಕಾಗದವೇ ಮುಟ್ಟಲಿಲ್ಲವೋ? ಮುಟ್ಟಿದರೂ ಅವರ ಉತ್ತರ ದಾರಿಯಲ್ಲಿ ಕಳೆದುಹೋಯಿತೋ? ಇಲ್ಲಾ ಇನ್ನೂ ಬರ್ತಾ ಇದೆಯೋ? ಕೂತ ಜಾಗದಿಂದ ಹೇಳೋಕಾಗಲ್ಲ. ತಂತಿಯ ಎರಡು ತುದಿಯಲ್ಲಿರುವ ಕಂಪ್ಯೂಟರುಗಳಿಗೂ ಇದೇ ಫಜೀತಿ. ಅದಕ್ಕಾಗಿ ಅವು ಪಾಲಿಸುವ ನಿಯಮಗಳಿಗೆ ಡೇಟಾ ಲಿಂಕ್ ಪ್ರೋಟೊಕಾಲ್ ಎಂದು ಹೆಸರು. ನಾನು ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

1. ಲಕೋಟೆ

ತಂತಿಯಲ್ಲಿ ಹರಿಯುವುದು ಬರೀ 0 ಮತ್ತು 1. ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ತಿಳಿಯಬೇಕಲ್ಲ? ಅದಕ್ಕೆ ಸಂದೇಶವನ್ನು ತುಂಡು ಮಾಡಿ, ಒಂದೊಂದನ್ನೂ ಲಕೋಟೆಗೆ ಹಾಕಿದ ಹಾಗೆ ಕಟ್ಟುತ್ತಾರೆ. ಇದೇ ಫ್ರೇಮ್. 1970ರ ದಶಕದಲ್ಲಿ ರೂಪುಗೊಂಡ ಎಚ್‌ಡಿಎಲ್‌ಸಿ ಎಂಬ ಪ್ರೋಟೊಕಾಲಿನಲ್ಲಿ ಫ್ರೇಮಿನ ಮೊದಲಿಗೂ ಕೊನೆಗೂ 01111110 ಎಂಬ ಗುರುತು ಇರುತ್ತದೆ. ಸಂದೇಶದ ಒಳಗೇ ಈ ಗುರುತು ಬಂದುಬಿಟ್ಟರೆ? ಸತತವಾಗಿ ಐದು 1 ಬಂದ ಕೂಡಲೇ ಕಳಿಸುವವನು ಒಂದು 0 ಸೇರಿಸುತ್ತಾನೆ, ಪಡೆಯುವವನು ಅದನ್ನು ತೆಗೆದುಹಾಕುತ್ತಾನೆ. ಹೀಗೆ ಒಳಗಿನ 01111110 ತಂತಿಯ ಮೇಲೆ 011111010 ಆಗಿ ಹೋಗುತ್ತದೆ.

ಫ್ರೇಮಿನ ಕೊನೆಯಲ್ಲಿ ತಾಳೆ ನೋಡಲು ಸಾಮಾನ್ಯವಾಗಿ 16 ಬಿಟ್‌ಗಳ ಒಂದು ಸಂಖ್ಯೆ ಇರುತ್ತದೆ. ಪಡೆದವನ ಲೆಕ್ಕ ಅದಕ್ಕೆ ಹೊಂದದಿದ್ದರೆ ದಾರಿಯಲ್ಲಿ ಕೆಟ್ಟಿದೆ ಎಂದರ್ಥ. ಆ ಫ್ರೇಮನ್ನು ಬಿಸಾಡುತ್ತಾನೆ.

2. ಗಡಿಯಾರ

ಲೆಕ್ಕ ಹೊಂದಿದರೆ ಪಡೆದವನು ‘ಮುಟ್ಟಿತು’ ಎಂದು ಉತ್ತರ ಕಳಿಸಬೇಕು. ಕಳಿಸಿದವನು ಒಂದು ಪ್ರತಿ ಇಟ್ಟುಕೊಂಡು ಗಡಿಯಾರ ನೋಡುತ್ತಿರುತ್ತಾನೆ. ಗಡುವು ಮುಗಿದರೂ ಉತ್ತರ ಬಾರದಿದ್ದರೆ ಅದು ಟೈಮ್‌ಔಟ್. ಅದೇ ಫ್ರೇಮನ್ನು ಮತ್ತೆ ಕಳಿಸುತ್ತಾನೆ. ಹಲವು ಸಲ ಕಳಿಸಿಯೂ ಉತ್ತರವಿಲ್ಲವೆಂದರೆ ಸಂಪರ್ಕವೇ ಕಡಿದಿದೆ ಎಂದು ತೀರ್ಮಾನಿಸುತ್ತಾನೆ.

ಗಡುವು ಎಷ್ಟಿರಬೇಕು? ಲೆಕ್ಕ ಮಾಡೋಣ. ನಮ್ಮ ಹಾಸನದ ಕೇಂದ್ರದಿಂದ ನಿಯಂತ್ರಿಸುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ಸಂಕೇತ ಮೇಲೆ ಹೋಗಿ ಕೆಳಗೆ ಬರಲು 72,000 ಕಿ.ಮೀ. ಸೆಕೆಂಡಿಗೆ 3 ಲಕ್ಷ ಕಿ.ಮೀ. ವೇಗದಲ್ಲಿ 0.24 ಸೆಕೆಂಡು ಬೇಕು. ಉತ್ತರ ಬರಲು ಇನ್ನೂ 0.24. ಒಟ್ಟು 0.48. ಗಡುವನ್ನು 0.3 ಸೆಕೆಂಡು ಇಟ್ಟರೆ, ಎಲ್ಲಾ ಸರಿಯಿದ್ದರೂ ಪ್ರತಿ ಫ್ರೇಮೂ ಎರಡೆರಡು ಸಲ ಹೋಗುತ್ತದೆ! 10 ಸೆಕೆಂಡು ಇಟ್ಟರೆ, ಕಳೆದ ಒಂದೊಂದು ಫ್ರೇಮಿಗೂ ಅಷ್ಟು ಹೊತ್ತು ಸುಮ್ಮನೆ ಕಾಯಬೇಕು.

3. ಸಂಖ್ಯೆ

ಈಗ ಮುಖ್ಯ ವಿಷಯ. ‘ಉಗ್ರಾಣದಿಂದ 10 ಕೆ.ಜಿ. ಅಕ್ಕಿ ಕೊಡು’ ಎಂಬ ಫ್ರೇಮ್ ಮುಟ್ಟಿತು, ಅಕ್ಕಿ ಕೊಟ್ಟಾಯ್ತು. ಆದರೆ ‘ಮುಟ್ಟಿತು’ ಎಂಬ ಉತ್ತರ ದಾರಿಯಲ್ಲಿ ಕಳೆಯಿತು. ಟೈಮ್‌ಔಟ್ ಆಗಿ ಅದೇ ಫ್ರೇಮ್ ಮತ್ತೆ ಬಂತು. ಇನ್ನೂ 10 ಕೆ.ಜಿ. ಹೊರಟಿತು! ಗಡಿಯಾರ ಒಂದೇ ಇದ್ದರೆ ಉಗ್ರಾಣ ಬರಿದಾದೀತು. ಇದು ಹೊಸ ಅಪ್ಪಣೆಯೋ, ಹಳೆಯದರ ಪ್ರತಿಯೋ ಎಂದು ತಿಳಿಯಬೇಕಾದರೆ ಫ್ರೇಮಿನ ಮೇಲೆ ಸಂಖ್ಯೆ ಬೇಕು.

ಒಂದೊಂದೇ ಫ್ರೇಮ್ ಕಳಿಸಿ ಉತ್ತರಕ್ಕೆ ಕಾಯುವುದಾದರೆ 0, 1, 0, 1 ಎಂದು ಬದಲಾಗುವ ಒಂದೇ ಬಿಟ್ ಸಾಕು. ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಬಾರ್ಟ್‌ಲೆಟ್, ಸ್ಕ್ಯಾಂಟಲ್‌ಬರಿ, ವಿಲ್ಕಿನ್ಸನ್ ಎಂಬ ಮೂವರು 1969ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. 0ಗೆ ಕಾಯುತ್ತಿರುವಾಗ 1 ಬಂದರೆ ಅದು ಹಳೆಯದು, ಅಕ್ಕಿ ಕೊಡಬೇಕಿಲ್ಲ. ಉಪಗ್ರಹದಂಥ ದೂರದ ದಾರಿಯಲ್ಲಿ ಒಂದೊಂದಕ್ಕೂ ಕಾಯುತ್ತಾ ಕೂತರೆ ಕೆಲಸ ಸಾಗಲ್ಲ. ಎಚ್‌ಡಿಎಲ್‌ಸಿಯಲ್ಲಿ 0ಯಿಂದ 7ರವರೆಗೆ ಸಂಖ್ಯೆ ಹಾಕಿ, ಉತ್ತರಕ್ಕೆ ಕಾಯದೆ 7 ಫ್ರೇಮುಗಳವರೆಗೆ ಕಳಿಸಬಹುದು.

ಮೌನಕ್ಕೆ ಕಾರಣ ಏನೆಂದು ಗಡಿಯಾರ ಹೇಳುವುದಿಲ್ಲ. ಮತ್ತೆ ಕೇಳು ಎಂದಷ್ಟೇ ಹೇಳುತ್ತದೆ. ಮತ್ತೆ ಕೇಳಿದ್ದರಿಂದ ನಷ್ಟವಾಗದಂತೆ ಕಾಯುವುದು ಸಂಖ್ಯೆ.

ಯೋಚಿಸಿ: ಹಳೆಯ ಫ್ರೇಮ್ ಮತ್ತೆ ಬಂದಾಗ ಪಡೆದವನು ಅದನ್ನು ಬಿಸಾಡುತ್ತಾನೆ, ಆದರೂ ‘ಮುಟ್ಟಿತು’ ಎಂದು ಇನ್ನೊಮ್ಮೆ ಕಳಿಸಲೇಬೇಕು. ಏಕೆ? ಉತ್ತರವನ್ನು ಚೀಟಿಯಲ್ಲಿ ಬರೆದು ಈ ಹಾಳೆಯ ಕೆಳಗೆ ಅಂಟಿಸಿ.