ಕೆರೆಯ ದೋಣಿಗೆ ವೇಗದ ಮಿತಿ ಬೇಕೆ?

ಕಳೆದ ಬೇಸಿಗೆಯಲ್ಲಿ ಹುಣಸೆಹಣ್ಣು ಹೇರಿಕೊಂಡು ಬಟವಾಡಿಯ ಎ.ಪಿ.ಎಂ.ಸಿ. ಯಾರ್ಡಿಗೆ ಹೋಗಿದ್ದೆ. ಹರಾಜು ತಡವಾಯಿತು. ನಾಲ್ಕಾರು ಜನ ಚೀಲದ ಮೇಲೆ ಕೂತು ಮಾತಿಗಿಳಿದೆವು. ಗುಬ್ಬಿ ಕಡೆಯ ಹುಡುಗನೊಬ್ಬ, "ನಮ್ಮೂರ ಕೆರೆಗೆ ಮೋಟಾರು ದೋಣಿ ತರ್ತಾರಂತೆ. ಗಂಟೆಗೆ 15 ಕಿಲೋಮೀಟರ್ ಅಂತ ಬೋರ್ಡು ಹಾಕಿದ್ರೆ ಸಾಕಲ್ವಾ?" ಅಂದ. ಕುಣಿಗಲ್ ಕಡೆಯ ಹಿರಿಯರು, "ನೀರಿನ ಮೇಲೆ ಎಂಥ ಮಿತಿ ಕಣಪ್ಪ, ಎದುರಿಗೆ ಲಾರಿ ಬರುತ್ತಾ?" ಅಂತ ನಕ್ಕರು. ನನಗೆ ಇಬ್ಬರ ಮಾತೂ ಪೂರ್ತಿ ಒಪ್ಪಿಗೆಯಾಗಲಿಲ್ಲ.

2022ರ ಮಳೆಗೆ ನಮ್ಮ ಕೆರೆ ಕೋಡಿ ಬಿದ್ದಿತ್ತು. ಆಗ ಯಾರೋ ಒಬ್ಬರು ಮೋಟಾರು ದೋಣಿ ತಂದು ಒಂದೆರಡು ತಿಂಗಳು ಜನರನ್ನು ಸುತ್ತಿಸಿದರು. ನನಗೆ ಏರಿಯದೇ ಚಿಂತೆ. ದಡದ ನೀರಿನಲ್ಲಿ ಬಿದಿರು ಗಳ ನೆಟ್ಟು, ಇದ್ದಿಲಿನಿಂದ ಗೆರೆ ಎಳೆದು ನೋಡುತ್ತಾ ಕೂತೆ. ದೋಣಿ ನಮ್ಮ ನಡಿಗೆಯಷ್ಟು ನಿಧಾನ ಹೋದಾಗ ಅಲೆ ಎರಡು ಬೆರಳು. ಪೂರ್ತಿ ಜೋರಾಗಿ ಓಡಿದಾಗ ಆರು ಬೆರಳು. ಆದರೆ ಮಧ್ಯಮ ವೇಗದಲ್ಲಿ ಹೋದಾಗ ಒಂದು ಗೇಣಿಗೆ ಸ್ವಲ್ಪ ಕಮ್ಮಿ! ಮೊದಲು ನನಗೇ ನಂಬಿಕೆ ಬರಲಿಲ್ಲ, ಮೂರು ದಿನ ನೋಡಿದೆ.

ಕಾರಣ ಇಷ್ಟೆ. ಆ ವೇಗದಲ್ಲಿ ದೋಣಿ ಮೂಗು ಮೇಲೆತ್ತಿ, ಹಿಂಭಾಗವನ್ನು ನೀರಿಗೆ ಊರಿ ನೇಗಿಲಿನಂತೆ ಉಳುತ್ತದೆ. ಇನ್ನೂ ಜೋರಾದರೆ ನೀರ ಮೇಲೆ ಜಾರುತ್ತದೆ, ಅಲೆ ತಗ್ಗುತ್ತದೆ. ಹದಿನೈದು ಅಡಿ ದೋಣಿ ಹೀಗೆ ಉಳುವುದು ಗಂಟೆಗೆ 12–15 ಕಿ.ಮೀ. ಆಸುಪಾಸಿನಲ್ಲೇ. ಅಂದರೆ ಆ ಹುಡುಗನ ಬೋರ್ಡು ಏರಿಗೆ ಕೇಡು ಮಾಡುವ ವೇಗವನ್ನೇ ಬರೆದಂತಾಯಿತು. ಅಲೆಯ ಎತ್ತರ ಎರಡರಷ್ಟಾದರೆ ಅದರ ಶಕ್ತಿ ನಾಲ್ಕರಷ್ಟು. ಕಲ್ಲುಕಟ್ಟಿನ ಸಂದಿಯಲ್ಲಿ ನೀರು ನುಗ್ಗಿ ಹಿಂದಿನ ಮಣ್ಣನ್ನು ಎಳೆದು ತರುತ್ತದೆ, ಆಮೇಲೆ ಕಲ್ಲು ಜಾರುತ್ತದೆ. ನಮ್ಮಲ್ಲಿ ತೂಬಿನ ಪಕ್ಕ ಎರಡು ಮಾರು ಕಲ್ಲು ಕುಸಿದಿತ್ತು. ಏರಿ ಹೋದರೆ ಅಚ್ಚುಕಟ್ಟಿನವರ ಜೊತೆ ನಮ್ಮಂಥ ಬೆದ್ದಲಿನವರ ಬೋರ್‌ವೆಲ್ಲೂ ಬತ್ತಿದ ಹಾಗೆಯೇ.

ಹಾಗಂತ ಜೋರಾಗಿ ಓಡಿಸಿ ಎನ್ನಲಾರೆ. ಹರಿಗೋಲಿನಲ್ಲಿ ಬಲೆ ಬಿಡುತ್ತಿದ್ದ ಮುದುಕರೊಬ್ಬರು ಆ ದೋಣಿಯ ಅಲೆಗೆ ಮಗುಚಿ, ಬಲೆ ಕಳೆದುಕೊಂಡರು. ಜೀವ ಉಳಿದದ್ದೇ ದೊಡ್ಡದು.

ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದಲ್ಲಿ ವರ್ಷಗಟ್ಟಲೆ ಜಗಳವಾಗಿ, 2005ರಲ್ಲಿ ಗಂಟೆಗೆ ಸುಮಾರು 18 ಕಿ.ಮೀ. ಮಿತಿ ಬಂತು. ಅಲ್ಲಿ ಮುಖ್ಯವಾಗಿದ್ದದ್ದು ಶಾಂತಿ, ಸುರಕ್ಷತೆಯ ಪ್ರಶ್ನೆ. ಆ ನೀರು 60 ಮೀಟರಿಗೂ ಆಳ. ನಮ್ಮ ಕೆರೆಗೆ ಆ ಲೆಕ್ಕ ಹೊಂದದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ದಡದಿಂದ 100 ಅಡಿಯೊಳಗೆ ಮೋಟಾರು ದೋಣಿ ಅಲೆ ಏಳಿಸದಂತೆ ನಿಧಾನ ಹೋಗಬೇಕು. ಇದು ನನಗೆ ಹಿಡಿಸಿತು. ದಡದಿಂದ ಎಷ್ಟು ದೂರ ಅನ್ನುವುದೂ ಮಿತಿಯಲ್ಲಿ ಸೇರಬೇಕು.

ಇನ್ನೊಂದು, ಆಳ. ಸಂಕ್ರಾಂತಿಗೆ ಎರಡಾಳುದ್ದ ಇದ್ದ ನೀರು ಯುಗಾದಿಗೆ ಸೊಂಟಕ್ಕಿಳಿಯುತ್ತದೆ. ಆಗ ಮೋಟಾರಿನ ರೆಕ್ಕೆ ತಳದ ಹೂಳು ಕದಡಿ ನೀರು ಬಗ್ಗಡವಾಗುತ್ತದೆ, ಹೂಳಿನ ಸತ್ವ ಮೇಲೆದ್ದು ಪಾಚಿ ಹೆಚ್ಚುತ್ತದೆ. ನಿಧಾನ ಹೋದರೂ ಇದು ತಪ್ಪಿದ್ದಲ್ಲ. 1940ರಲ್ಲೇ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ಹುಟ್ಟು ಹಾಕುವ ದೋಣಿಯಲ್ಲೇ ಜನರನ್ನು ಸುತ್ತಿಸುತ್ತಾರೆ. ನೋಡುವವರಿಗೇನೂ ಕಮ್ಮಿಯಿಲ್ಲ. ಸಣ್ಣ ಕೆರೆಗೆ ಅದೇ ಸರಿ ಅಂತ ನನ್ನ ಅಭಿಪ್ರಾಯ.

ಮೋಟಾರೇ ಬೇಕೆಂದರೆ ಏರಿಯಿಂದ 100 ಅಡಿಗೆ ಡ್ರಮ್ಮು ತೇಲಿಬಿಟ್ಟು ಗುರುತು ಮಾಡಿ, ಅದರೊಳಗೆ ನಡಿಗೆಯ ವೇಗ. ಹರಿಗೋಲು ಇದ್ದಲ್ಲೂ ಹಾಗೆಯೇ. ತೂಬಿನ ಕಲ್ಲಿಗೆ ಕೆಂಪು ಬಣ್ಣ ಬಳಿದು, ನೀರು ಅದಕ್ಕಿಂತ ಕೆಳಗಿಳಿದ ದಿನ ದೋಣಿ ಮೇಲಕ್ಕೆ. ಇದನ್ನು ಪಂಚಾಯ್ತಿಯ ಕರಾರಿನಲ್ಲೇ ಬರೆಸು ಅಂದೆ. ಹುಡುಗ, "ಗೆರೆ ಎಲ್ಲಿಗೆ ಬಳೀಬೇಕಣ್ಣ?" ಅಂದ. ಅಷ್ಟರಲ್ಲಿ ನಮ್ಮ ಚೀಲದ ಹರಾಜು ಕೂಗಿದರು. ಬರುವ ಅಮಾವಾಸ್ಯೆ ಕಳೆದು ಅವರೂರಿಗೇ ಹೋಗಿ, ಗಳ ಇಳಿಸಿ ಆಳ ನೋಡೋಣ ಅಂತ ಮಾತಾಗಿದೆ.