ತಾಯಿಯಲ್ಲಿ ಹಾಲಿಲ್ಲದಾಗ ಎಳೆಗರುವಿಗೆ ಏನು ಕುಡಿಸಬೇಕು?

ಹಸು ಕರು ಹಾಕಿದೆ, ಕರು ಎದ್ದು ನಿಂತು ಕೆಚ್ಚಲು ಹುಡುಕುತ್ತಿದೆ, ಆದರೆ ಕರೆದರೆ ಅರ್ಧ ಲೋಟವೂ ಇಳಿಯುತ್ತಿಲ್ಲ. ಮೊದಲ ಸೂಲಿನ ಕಡಸು, ಕೆಚ್ಚಲು ಬಾವು ಬಂದ ಹಸು, ಕರು ಹಾಕಿದೊಡನೆ ಹಾಲುಜ್ವರದಿಂದ ಮಲಗಿದ ಹಸು, ಇವುಗಳಲ್ಲಿ ಹೀಗಾಗುವುದುಂಟು. ಹಸುವಿಗೆ ಡಾಕ್ಟರನ್ನು ಕರೆಸಲೇಬೇಕು. ಆದರೆ ಅವರು ಬರುವ ತನಕ ಕರುವಿನ ಹೊಟ್ಟೆ ಕಾಯುವುದಿಲ್ಲ.

ಮನುಷ್ಯರ ಮಗುವಿಗೆ ರೋಗ ತಡೆಯುವ ಶಕ್ತಿ ಸ್ವಲ್ಪವಾದರೂ ಬಸಿರಿನಲ್ಲೇ ಸಿಕ್ಕಿರುತ್ತದೆ. ಕರುವಿಗೆ ಹಾಗಲ್ಲ. ಅದಕ್ಕೆ ಸಿಗುವುದೆಲ್ಲ ಗಿಣ್ಣು ಹಾಲಿನಿಂದ. ಆ ಶಕ್ತಿಯನ್ನು ಕರುಳು ಹೀರಿಕೊಳ್ಳುವುದು ಗಂಟೆಗಂಟೆಗೂ ಕಡಿಮೆಯಾಗುತ್ತಾ ಹೋಗಿ, 24 ಗಂಟೆಯ ಹೊತ್ತಿಗೆ ನಿಂತೇ ಹೋಗುತ್ತದೆ. ಆದ್ದರಿಂದ ಹುಟ್ಟಿದ 2 ಗಂಟೆಯೊಳಗೆ ಒಂದೂವರೆ ಲೀಟರ್, 12 ಗಂಟೆಯೊಳಗೆ ಮತ್ತೆ ಅಷ್ಟೇ ಗಿಣ್ಣು ಹಾಲು ಕುಡಿಸಬೇಕು. ಇದು 30 ಕೆ.ಜಿ. ತೂಗುವ ಮಿಶ್ರತಳಿ ಕರುವಿನ ಲೆಕ್ಕ. ತೂಕದ ಹತ್ತನೇ ಒಂದು ಭಾಗ ಎಂದು ನೆನಪಿಡಿ. ಹೊಗೆಸೊಪ್ಪಿನ ಬೇಲು ತೂಗುವ ತಕ್ಕಡಿ ಮನೆಯಲ್ಲಿದ್ದರೆ ಕರುವನ್ನು ಎತ್ತಿಕೊಂಡು ನಿಂತು, ನಿಮ್ಮ ತೂಕ ಕಳೆದರಾಯಿತು. ಕಸ ಬೀಳುವ ತನಕ ಹಾಲು ಕುಡಿಸಬಾರದು ಎನ್ನುವ ಮಾತು ಇನ್ನೂ ಹಲವು ಊರುಗಳಲ್ಲಿದೆ. ಅದನ್ನು ನಂಬಿ ಕಾದರೆ ಹೋಗುವುದು ಕರುವಿನ ಜೀವ.

ತಾಯಿಯಲ್ಲಿ ಇಲ್ಲದ ಗಿಣ್ಣು ಎಲ್ಲಿಂದ ತರುವುದು? ಊರಿನಲ್ಲೇ ಆ ದಿನಗಳಲ್ಲಿ ಕರು ಹಾಕಿದ ಇನ್ನೊಂದು ಹಸುವಿನಿಂದ. ಸಂಘದಲ್ಲಿ ಹಾಲು ಹಾಕುವ ಸಾಲಿನಲ್ಲಿ ವಿಚಾರಿಸಿದರೆ ಯಾರ ಮನೆಯಲ್ಲಿ ಗಿಣ್ಣು ಇದೆ ಎಂದು ಗೊತ್ತಾಗಿಬಿಡುತ್ತದೆ. ಅದನ್ನು ಹೇಗೂ ಸಂಘಕ್ಕೆ ಹಾಕುವಂತಿಲ್ಲ. ಮೂರ್ನಾಲ್ಕು ಸೂಲು ಕಂಡ ಹಸುವಿನ ಮೊದಲ ಕರಾವಿನ, ಹಳದಿಯಾದ ಮಂದ ಹಾಲು ಎಲ್ಲಕ್ಕಿಂತ ಒಳ್ಳೆಯದು. ಕೆಚ್ಚಲು ಬಾವಿನ ಹಸುವಿನದು, ಕಂದು ಹಾಕಿದ ಹಸುವಿನದು ಬೇಡ.

ಫ್ರಿಜ್ ಇರುವವರು ಮೊದಲ ಕರಾವಿನಲ್ಲಿ ಕರು ಕುಡಿದು ಮಿಕ್ಕಿದ್ದನ್ನು ಶುಚಿಯಾದ ಬಾಟಲಿಗೆ ತುಂಬಿ, ಮೇಲೆ ಸ್ವಲ್ಪ ಜಾಗ ಬಿಟ್ಟು, ತಾರೀಕು ಬರೆದು ಐಸ್ ಗಟ್ಟುವ ಖಾನೆಯಲ್ಲಿಡಿ. ಆರು ತಿಂಗಳು ಇರುತ್ತದೆ. ಹೊಗೆಸೊಪ್ಪು ಕೊಯ್ಯುವ ಕಾಲದಲ್ಲಿ ನಡುರಾತ್ರಿ ಹಸು ಕರು ಹಾಕಿದರೆ ಇದರ ಬೆಲೆ ತಿಳಿಯುತ್ತದೆ. ಬೇಕಾದಾಗ ಕೈ ತಡೆಯುವಷ್ಟು ಬಿಸಿನೀರಿನಲ್ಲಿ ಬಾಟಲಿ ಇಟ್ಟು ಕರಗಿಸಿ. ಒಲೆಯ ಮೇಲೆ ಇಡಬೇಡಿ. ಬಿಸಿ ತಾಗಿದರೆ ಗಿಣ್ಣು ಗಟ್ಟಿಯಾಗುವುದು ನಿಮಗೆ ಗೊತ್ತೇ ಇದೆ. ಹಾಗೆ ಗಟ್ಟಿಯಾದರೆ ಅದರಲ್ಲಿರುವ ಶಕ್ತಿ ಕೆಟ್ಟಂತೆ. ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡುವುದು ಬೇಡವೆಂದಲ್ಲ. ಅದಕ್ಕೆ ಎರಡನೇ ದಿನದ ಹಾಲು ಇದೆಯಲ್ಲ!

ಗಿಣ್ಣು ಎಲ್ಲೂ ಸಿಗದಿದ್ದರೆ ಬೇರೆ ಹಸುವಿನ ಹಾಲು 600 ಮಿ.ಲೀ., ಕಾಯಿಸಿ ಆರಿಸಿದ ನೀರು 300 ಮಿ.ಲೀ., ಒಂದು ಹಸಿ ಮೊಟ್ಟೆ, ಅರ್ಧ ಚಮಚ ಹರಳೆಣ್ಣೆ ಕಲಸಿ ದಿನಕ್ಕೆ ಮೂರು ಸಲ, ನಾಲ್ಕು ದಿನ ಕುಡಿಸಿ. ಇದು ಹೊಟ್ಟೆ ತುಂಬಿಸುತ್ತದೆ, ರೋಗ ತಡೆಯುವುದಿಲ್ಲ. ಆ ಕರು ಗಿಣ್ಣು ಕುಡಿದಿಲ್ಲ ಎಂದು ಡಾಕ್ಟರಿಗೆ ತಿಳಿಸಿ, ದೊಡ್ಡ ದನಗಳಿಂದ ದೂರ, ಒಣ ಹುಲ್ಲಿನ ಹಾಸಿನ ಮೇಲೆ ಕಟ್ಟಿ.

ಗೊಟ್ಟದಲ್ಲಿ ಸುರಿಯಬೇಡಿ. ತಲೆ ಎತ್ತಿ ಸುರಿದ ಹಾಲು ಶ್ವಾಸಕೋಶಕ್ಕೆ ಇಳಿದು ಕರು ಕೆಮ್ಮಿ ಸಾಯುತ್ತದೆ. ನಿಪ್ಪಲ್ ಬಾಟಲಿಯನ್ನು ತಾಯಿಯ ಕೆಚ್ಚಲಿನ ಎತ್ತರಕ್ಕೆ ಹಿಡಿಯಿರಿ. ಬಾಟಲಿ ಇಲ್ಲವೇ? ತೊಳೆದ ಬೆರಳನ್ನು ಚೀಪಿಸುತ್ತಾ ಬಾಯನ್ನು ಪಾತ್ರೆಯ ಹಾಲಿಗೆ ತನ್ನಿ. ಒಂದೆರಡು ದಿನದಲ್ಲಿ ಕಲಿಯುತ್ತದೆ. ಹಾಲು ಆಗತಾನೆ ಕರೆದಷ್ಟು ಬೆಚ್ಚಗಿರಲಿ.

ಐದನೇ ದಿನದಿಂದ ಮಾಮೂಲಿ ಹಾಲು, ಅದೇ ಹತ್ತನೇ ಒಂದು ಭಾಗ, ಎರಡು ಮೂರು ಸಲಕ್ಕೆ ಹಂಚಿ, ಒಂದು ತಿಂಗಳು. ಕ್ಯಾನಿಗೆ ಹೋಗಬೇಕಾದ ಮೂರು ಲೀಟರ್ ದಿನಾ ಕರುವಿನ ಪಾಲಾಗುವುದು ಕಷ್ಟವೇ. ಹಾಗೆಂದು ನೀರು ಬೆರೆಸುವುದು, ರಾಗಿ ಗಂಜಿಯನ್ನೋ ಅನ್ನದ ಗಂಜಿಯನ್ನೋ ಕುಡಿಸಿ ಹೊಟ್ಟೆ ತುಂಬಿಸುವುದು ಬೇಡ. ಮೊದಲ ವಾರಗಳಲ್ಲಿ ಕರುವಿಗೆ ಹಿಟ್ಟು ಜೀರ್ಣವಾಗುವುದಿಲ್ಲ, ಭೇದಿ ಹಿಡಿಯುತ್ತದೆ. ಎರಡನೇ ವಾರದಿಂದ ಒಂದು ಹಿಡಿ ಕರುವಿನ ಆಹಾರ, ಎಳೆ ಹುಲ್ಲು, ಶುಚಿಯಾದ ನೀರು ಮುಂದಿಡಿ.

ಭೇದಿಯಾದರೆ ಹಾಲು ನಿಲ್ಲಿಸಬೇಡಿ; ನಡುನಡುವೆ ಓಆರ್‌ಎಸ್ ನೀರು ಕುಡಿಸಿ. ಕಣ್ಣು ಗುಳಿ ಬಿದ್ದು, ಕಿವಿ ತಣ್ಣಗಾಗಿ, ಬೆರಳು ಕೊಟ್ಟರೂ ಕರು ಚೀಪದಿದ್ದರೆ ಬೆಳಗಾಗಲೆಂದು ಕಾಯದೆ ಆಗಲೇ ಡಾಕ್ಟರಿಗೆ ಫೋನ್ ಮಾಡಿ.