ಗಾಡಿಯ ಬೆಲೆ ಆಮೇಲೆ ಮಾತಾಡಿ

ಪ್ರಶ್ನೆ: ನನಗೆ 22 ವರ್ಷ. ಏರೋಸ್ಪೇಸ್ ಪಾರ್ಕಿನ ಕಾರ್ಖಾನೆಯಲ್ಲಿ ಕೆಲಸ. ಬೆಳಗಿನ ಶಿಫ್ಟಿನ ಹೊತ್ತಿಗೆ ಬಸ್ ಸಿಗುವುದಿಲ್ಲ. 40 ಸಾವಿರ ಕೂಡಿಟ್ಟಿದ್ದೇನೆ. ಪರಿಚಯದವರ ಹಳೇ ಸ್ಪ್ಲೆಂಡರ್ ಅಷ್ಟಕ್ಕೇ ಸಿಗುತ್ತಿದೆ. ‘ಹೆಣ್ಣುಮಗಳಿಗೆ ಗೇರ್ ಗಾಡಿ ಯಾಕೆ, ಬಿದ್ದು ಕೈಕಾಲು ಮುರ್ಕೋತೀಯ’ ಅಂತ ಅಪ್ಪ ಬಿಡುತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ, ಚನ್ನರಾಯಪಟ್ಟಣ, ದೇವನಹಳ್ಳಿ ತಾಲ್ಲೂಕು

ಉತ್ತರ: ತೆಗೆದುಕೊಳ್ಳಿ. ಆದರೆ 40 ಸಾವಿರಕ್ಕೆ ಬೇಡ. ಇದ್ದ ಹಣವನ್ನೆಲ್ಲ ಗಾಡಿಗೇ ಸುರಿದರೆ ಹೆಲ್ಮೆಟ್, ಟೈರು, ಇನ್ಶೂರೆನ್ಸ್ ಎಲ್ಲವೂ ಮುಂದಿನ ತಿಂಗಳ ಸಂಬಳಕ್ಕೆ ಕಾಯುತ್ತವೆ. ನಿಮ್ಮ ಜೀವ ಕಾಯಬೇಕಾದವು ಅವೇ. ಹತ್ತು ಸಾವಿರ ಮೊದಲೇ ಎತ್ತಿಟ್ಟು, ಮೂವತ್ತರೊಳಗೆ ವ್ಯಾಪಾರ ಕುದುರಿದರೆ ಮಾತ್ರ ಮುಂದುವರಿಯಿರಿ.

ಪರಿಚಯದವರು ‘ಫಾರಂಗೆ ಸೈನ್ ಹಾಕಿ ಕೊಡ್ತೀನಿ, ಹೆಸರು ಆಮೇಲೆ ಮಾಡಿಸ್ಕೊ’ ಎಂದರೆ ಒಪ್ಪಬೇಡಿ. ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಇದನ್ನು ಅವರಿಗೂ ತಿಳಿಸಿ, ಫಾರಂ 29 ಮತ್ತು 30 ಕೂಡಲೇ ಸಲ್ಲಿಸಲು ಅವರೇ ಮುಂದಾಗುತ್ತಾರೆ. ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರಿದ್ದರೆ ಸಾಲ ತೀರಿದ ಪತ್ರ ಕೇಳಿ. ಎಲ್‌ಎಲ್‌ಆರ್ ಗೇರ್ ಇರುವ ಗಾಡಿಗೇ ಮಾಡಿಸಿ. ಸ್ಕೂಟಿಯದು ಇದಕ್ಕೆ ನಡೆಯುವುದಿಲ್ಲ. 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು.

ಗಾಡಿ ನೋಡಲು ನಂಬಿಕೆಯ ಮೆಕ್ಯಾನಿಕ್ ಜೊತೆ ಬೆಳಿಗ್ಗೆಯೇ ಹೋಗಿ. ಮೊದಲು ಎಂಜಿನ್‌ ಹತ್ತಿರ ಕೈ ಇಟ್ಟು ನೋಡಿ. ಆಗಲೇ ಬಿಸಿಯಿದ್ದರೆ ನೀವು ಬರುವ ಮುಂಚೆ ಯಾರೋ ಸ್ಟಾರ್ಟ್ ಮಾಡಿದ್ದಾರೆ. ತಣ್ಣಗಿರುವಾಗ ಹೊರಡಲು ಗಾಡಿ ತಕರಾರು ಮಾಡುತ್ತದೋ ಏನೋ, ಇನ್ನೊಂದು ದಿನ ಹೋಗಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಎಂದಿದ್ದರೆ 2018ರ 23ನೇ ವಾರ ತಯಾರಾದದ್ದು. ಅಷ್ಟು ಹಳೆಯ ಟೈರಿನ ಗುಂಡಿ ಸವೆಯದೇ ಇದ್ದರೂ ರಬ್ಬರು ಗಟ್ಟಿಯಾಗಿರುತ್ತದೆ, ಬದಲಿಸಿ. ಸ್ಪ್ರಾಕೆಟ್ ಹಲ್ಲು ಕೊಕ್ಕೆಯ ಹಾಗೆ ಬಾಗಿದ್ದರೆ ಚೈನ್ ಸೆಟ್ಟಿನ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಹೆಲ್ಮೆಟ್ ಮಾತ್ರ ಹೊಸದೇ ಇರಲಿ, ಐಎಸ್‌ಐ ಗುರುತಿನದು, ತಲೆ ಅಲ್ಲಾಡಿಸಿದರೂ ಜಾರದಂಥದು.

ಅಪ್ಪನ ಭಯಕ್ಕೆ ಕಾರಣವಿದೆ, ಅದನ್ನು ತಳ್ಳಿಹಾಕಬೇಡಿ. ಆದರೆ ಬಿದ್ದರೆ ಹೆಣ್ಣು ಗಂಡು ಅಂತಿಲ್ಲ. ಕಲಿಯದೆ ಓಡಿಸಿದವರು ಬೀಳುತ್ತಾರೆ. ಹೊಸಬರು ಹೆದರಿ ಹಿಂದಿನ ಬ್ರೇಕನ್ನೇ ತುಳಿಯುತ್ತಾರೆ, ಚಕ್ರ ಜಾರುತ್ತದೆ. ಗಾಡಿ ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ಹೆಚ್ಚು ಹಿಡಿಯುವುದು ಮುಂದಿನ ಬ್ರೇಕೇ. ಎರಡನ್ನೂ ಒಟ್ಟಿಗೆ, ನಿಧಾನವಾಗಿ ಬಿಗಿಯುತ್ತ ಹೋಗುವುದನ್ನು ಖಾಲಿ ಮೈದಾನದಲ್ಲಿ, ಚೆನ್ನಾಗಿ ಓಡಿಸಬಲ್ಲವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕೈಗೆ ರೂಢಿಯಾಗುವವರೆಗೆ ಅಭ್ಯಾಸ ಮಾಡಿ.

ನಮ್ಮ ಕಡೆಯ ರಸ್ತೆಗೆ ಒಂದು ಮಾತು ಸೇರಿಸುತ್ತೇನೆ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಡಾಂಬರಿನ ಮೇಲೆಯೇ ಹರಡಿರುತ್ತಾರೆ. ಅದರ ಮೇಲೆ ಬ್ರೇಕ್ ಒತ್ತಿದರೆ ಅಥವಾ ಹ್ಯಾಂಡಲ್ ತಿರುಗಿಸಿದರೆ ಗಾಡಿ ಮಲಗಿತು ಅಂತಲೇ. ದೂರದಿಂದಲೇ ವೇಗ ಇಳಿಸಿ, ನೇರವಾಗಿ ದಾಟಿ. ತಿರುವುಗಳಲ್ಲಿ ಟಿಪ್ಪರ್‌ಗಳಿಂದ ಉದುರಿದ ಮರಳಿಗೂ ಇದೇ ಕ್ರಮ. ಡಿಎಲ್ ಬಂದ ಮೇಲೂ ಮೊದಲ ಕೆಲವು ವಾರ ಹೆದ್ದಾರಿ ಬಿಟ್ಟು, ಬೆಳಕಿರುವಾಗ ಹಳ್ಳಿ ರಸ್ತೆಯಲ್ಲೇ ಓಡಾಡಿ. ಅಲ್ಲಿಯವರೆಗೆ ಬೆಳಗಿನ ಶಿಫ್ಟಿಗೆ ಬಿಡಲು ಯಾರನ್ನಾದರೂ ಕೇಳಿಕೊಳ್ಳಿ.